ಮುಚ್ಚದ ಗೀರು

ನನ್ನ ಎದೆಯೊಳಗೆ ಒಂದು ಪಂಪು ಇದೆ. ಬಾವಿಗೆ ಇಳಿಸುವಂಥದ್ದಲ್ಲ, ಲಿಂಬೆಹಣ್ಣಿನ ಗಾತ್ರದ್ದು. ಸೋತುಹೋದ ಹೃದಯದ ಪಕ್ಕದಲ್ಲಿ ಕೂತು ರಕ್ತ ತಳ್ಳುತ್ತದೆ. ಹೊರಗಿನಿಂದ ತಂತಿಯಿಲ್ಲ, ಹೇಳಿಕೊಳ್ಳುವಂಥ ಬ್ಯಾಟರಿಯೂ ಇಲ್ಲ. ನಮ್ಮ ಸವಳೂರಿನ ಮನೆಗಳಲ್ಲಿ ಫ್ಯಾನು ತಿರುಗಿಸುತ್ತಿದ್ದ, ಮಿಕ್ಸರ್ ಓಡಿಸುತ್ತಿದ್ದ, ತಂತಿಯಿಲ್ಲದೆ ಬರುವ ಗಾಳಿ ಕರೆಂಟೇ ನನ್ನನ್ನೂ ಓಡಿಸುತ್ತಿತ್ತು. ಅಂದರೆ ಬಸಲಿಂಗಪ್ಪ ಕುಬಸದ ಎಂಬ ನಾನು, ಸರಕಾರಿ ಪ್ರೌಢಶಾಲೆಯ ಪಿ.ಟಿ. ಮಾಸ್ತರ, ಇಡೀ ಊರಿನಲ್ಲಿ ಮಿಕ್ಸರಿನ ಜಾತಿಗೆ ಸೇರಿದ ಒಬ್ಬನೇ ಮನುಷ್ಯ. ಹುಡುಗರು ನನ್ನ ಬೆನ್ನ ಹಿಂದೆ 'ಚಾರ್ಜರ್ ಸರ್' ಅನ್ನುತ್ತಿದ್ದರು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದವು, ಮಂಗ್ಯಾನ ಮಕ್ಕಳು.

ಗಾಳಿ ಕರೆಂಟು ಬಂದದ್ದು ನಾಲ್ಕು ವರ್ಷದ ಹಿಂದೆ. ರಾಜ್ಯದಲ್ಲಿ ಎಲ್ಲಿಯೂ ಇಲ್ಲದ್ದು ಮೊದಲು ನಮ್ಮೂರಿಗೇ ಬಂತೆಂದು ಮಂದಿ ಹಿಗ್ಗಿದ್ದೇ ಹಿಗ್ಗಿದ್ದು. ಕಂಬ, ತಂತಿ ಎಲ್ಲ ಕಿತ್ತು ಹಾಕಿದರು. ಓಣಿಗೊಂದರಂತೆ ಎತ್ತರದ ಗೋಪುರ ನಿಲ್ಲಿಸಿದರು. ಅದರ ನೆತ್ತಿಯಲ್ಲಿ ಬಿಚ್ಚಿದ ಛತ್ರಿಯ ಆಕಾರದ ಬಟ್ಟಲು. ಊರವರ ಬಾಯಲ್ಲಿ ಅದರ ಹೆಸರೇ ಛತ್ರಿ ಎಂದಾಯಿತು. ಛತ್ರಿಯಿಂದ ಹೊರಡುವುದು ಮೈಕ್ರೊವೇವ್ ಅಲೆಗಳು. ಅನ್ನ ಬಿಸಿ ಮಾಡುವ ಒಲೆಯಲ್ಲಿ ಇರುತ್ತವಲ್ಲ, ಅವೇ, ಆದರೆ ಬಹಳ ತೆಳು. ಎಕ್ಸ್‌ರೇಯಂತೆ ಜೀವಕೋಶದ ಒಳಗಿನ ಎಳೆಗಳನ್ನು ಕತ್ತರಿಸುವ ಕಸುವು ಇವಕ್ಕಿಲ್ಲ, ಹೆಚ್ಚೆಂದರೆ ಮೈಗೆ ಗೊತ್ತೇ ಆಗದಷ್ಟು ಬೆಚ್ಚಗೆ ಮಾಡಿಯಾವು ಎಂದು ಕಂಪನಿಯವರು ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ಹಾಕಿದ್ದರು. ಪರೀಕ್ಷೆ ಮಾಡಿ ಇದು ಹೌದೆಂದು ಹೇಳಿದ್ದು ನಮ್ಮೂರ ಕಾಲೇಜಿನ ಲ್ಯಾಬು. ಅದರ ಮುಖ್ಯಸ್ಥರು ಡಾಕ್ಟರ್ ಮುರಿಗೆಪ್ಪ ಅಂಗಡಿ. ನನ್ನ ಹೆಂಡತಿ ಇಂದುಮತಿಯ ಕೆಲಸವೂ ಅಲ್ಲಿಯೇ. ಆದರೆ ಅವಳು ಸೇರಿದ್ದು ಆ ಪರೀಕ್ಷೆಗಳೆಲ್ಲ ಮುಗಿದ ಮೇಲೆ.

ಎರಡು ವರ್ಷದ ಹಿಂದೆ ಮೈದಾನದಲ್ಲಿ ಕವಾಯತು ಮಾಡಿಸುತ್ತಿದ್ದವನು ಹಾಗೇ ಕುಸಿದುಬಿದ್ದೆ. ಹೃದಯ ಅರ್ಧಕ್ಕಿಂತ ಹೆಚ್ಚು ಕೆಲಸ ಬಿಟ್ಟಿದೆ ಅಂದರು. ತಂತಿಯ ಪಂಪು ನನ್ನಂಥವನಿಗೆ ಎಟಕುವ ಮಾತಾಗಿರಲಿಲ್ಲ. ಕಂಪನಿಯವರು ತಮ್ಮದೇ ಹೊಸ ಪಂಪನ್ನು ಪುಕ್ಕಟೆ ಹಾಕಿಸಿಕೊಟ್ಟರು. ಬದಲಿಗೆ ಸೀಟಿ ಹಿಡಿದು ನಗುತ್ತಿರುವ ನನ್ನ ಫೋಟೊವನ್ನು ಮಾರ್ಕೆಟ್ಟಿನ ಮುಂದೆ ದೊಡ್ಡದಾಗಿ ನಿಲ್ಲಿಸಿದರು. ಅಲೆ ಹಿಡಿಯುವ ಸುರುಳಿ ನನ್ನ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿದೆ. ಅದನ್ನು ಇಡಲು ಕೊಯ್ದ ಗಾಯ ಮಾತ್ರ ಇಂದಿಗೂ ಪೂರ್ತಿ ಮಾಯ್ದಿಲ್ಲ. ಸಕ್ಕರೆ ಕಾಯಿಲೆ ಇರಬೇಕೆಂದರು, ಇರಲಿಲ್ಲ. ಇಂದುಮತಿ ದಿನಾ ಬೆಳಿಗ್ಗೆ ತೊಳೆದು ಪಟ್ಟಿ ಕಟ್ಟುತ್ತಿದ್ದಳು. ನಾವಿಬ್ಬರೂ ಅದಕ್ಕೆ ಹೊಂದಿಕೊಂಡುಬಿಟ್ಟಿದ್ದೆವು.

ಹೋದ ವರ್ಷ ಊರು ಬೆಳೆಯಿತೆಂದು ಛತ್ರಿಗಳ ಬಲ ಹೆಚ್ಚಿಸಿದರು. ಆಮೇಲೆ ನನ್ನ ಮೈದಾನದಲ್ಲಿ ಪಟ್ಟಿ ಕಟ್ಟಿಕೊಂಡ ಮೊಣಕಾಲುಗಳು ಹೆಚ್ಚಾದವು. ಆಡುವ ಮಕ್ಕಳು ಬೀಳುತ್ತವೆ, ಕೆತ್ತಿಸಿಕೊಳ್ಳುತ್ತವೆ, ನಾಲ್ಕು ದಿನಕ್ಕೆ ಹೆಕ್ಕಳೆ ಕಟ್ಟಿ ಉದುರಿಹೋಗುತ್ತದೆ. ಈಗ ತಿಂಗಳಾದರೂ ಹಸಿಯಾಗಿಯೇ ಇರುತ್ತಿತ್ತು. ಎಲ್ಲರಿಗಿಂತ ಕೆಟ್ಟದ್ದು ಒಂಬತ್ತನೆಯ ಇಯತ್ತೆಯ ಕಸ್ತೂರಿ ತಳವಾರಳದು. ಖೊಖೊದಲ್ಲಿ ಜಿಲ್ಲೆಗೇ ಹೆಸರಾದ ಹುಡುಗಿ. ಓಡುವಾಗ ಅವಳನ್ನು ಹಿಡಿಯಲು ಗಂಡುಹುಡುಗರ ಕೈಲೂ ಆಗುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಬಿದ್ದು ಕೆತ್ತಿಸಿಕೊಂಡ ಮೊಣಕಾಲು ಗಣಪತಿ ಹಬ್ಬದ ಹೊತ್ತಿಗೆ ಕೀವಾಗಿ, ಕಾಲು ಬಾತು, ಅವಳು ದವಾಖಾನೆ ಸೇರಿದಳು.

"ಇಂದೂ, ಆ ಕಸ್ತೂರಿ ಕಾಲು ಮಾಯವಲ್ದಲ್ಲ. ಏನ್ ಕಾರಣ ಇರಬಹುದು?" ಎಂದು ಒಂದು ದಿನ ಊಟಕ್ಕೆ ಕೂತಾಗ ಕೇಳಿದೆ.

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. "ನನಗೇನ್ ಗೊತ್ರಿ? ನಾ ಡಾಕ್ಟರೇನು?" ಅಂದಳು.

"ಅಲ್ಲ, ದಿನಾ ಚರ್ಮದ ಕೋಶ ನೋಡಾಕಿ ನೀನ. ಅದಕ್ಕ ಕೇಳಿದೆ."

"ಸುಮ್ನ ಉಣ್ರಿ. ರೊಟ್ಟಿ ಆರತೈತಿ."

ಅವಳು ನನ್ನ ಮುಖ ನೋಡಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದ ಹೆಂಡತಿ ಮುಖ ತಪ್ಪಿಸಿದರೆ ಗಂಡನಿಗೆ ಗೊತ್ತಾಗುತ್ತದೆ. ಆದರೂ ನಾನು ಮತ್ತೆ ಕೇಳಲಿಲ್ಲ.

ನವರಾತ್ರಿಯ ಮುಂಚಿನ ಮಾನೌಮಿ ಅಮಾವಾಸ್ಯೆಯ ದಿನ ಶಾಲೆಗೆ ಸೂಟಿ. ಮನೆಯಲ್ಲಿ ಹೋಳಿಗೆ ಮಾಡಿಟ್ಟು, ತಾನು ಉಣ್ಣದೆ ಇಂದುಮತಿ ಲ್ಯಾಬಿಗೆ ಹೋಗಿದ್ದಳು. ಬುತ್ತಿ ಕಟ್ಟಿಕೊಂಡು ನಾನೇ ಹೊರಟೆ. ಲ್ಯಾಬಿನ ಬಾಗಿಲಲ್ಲೇ ಜಗಳ ಕೇಳಿಸಿತು.

ಒಳಗೆ ಅಂಗಡಿ ಸರ್ ಒಂದು ಕೈಯಲ್ಲಿ ತೆಂಗಿನಕಾಯಿ, ಇನ್ನೊಂದರಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಕಣ್ಣಿನ ಆಪರೇಷನ್ನಿಗೆಂದು ಪುಣೆಗೆ ಮಗಳ ಮನೆಗೆ ಹೋದವರು ಬಹಳ ದಿನದ ಮೇಲೆ ಬಂದಿದ್ದರು. ಅವರ ಮುಂದೆ ಕಬ್ಬಿಣದ ಕಪಾಟಿನಂಥ ಅಲೆಯ ಮಷಿನ್ನು. ಅದರೊಳಗೆ ಗಾಜಿನ ತಟ್ಟೆಗಳಲ್ಲಿ ಮನುಷ್ಯರ ಚರ್ಮದ ಕೋಶಗಳನ್ನು ಬೆಳೆಸಿ, ಛತ್ರಿಯಿಂದ ಊರ ಮೇಲೆ ಬೀಳುವಷ್ಟೇ ಅಲೆಗಳನ್ನು ಅವುಗಳ ಮೇಲೆ ಬಿಡುತ್ತಾರೆ. ಮಷಿನ್ನಿಗೂ ಅವರಿಗೂ ನಡುವೆ ಇಂದುಮತಿ ಅಡ್ಡ ನಿಂತಿದ್ದಳು.

"ತಂಗಿ, ಬಂದ್ ಮಾಡಂದ್ರ ಮಾಡವಾ. ಕಾಯಿ ಹಿಡಕೊಂಡು ಎಷ್ಟೊತ್ತು ನಿಂದರ್ಲಿ ನಾನು?"

"ಇಲ್ರಿ ಸರ. ಬಂದ್ ಮಾಡಾಕ ಬರೂದಿಲ್ಲ."

"ಏನ್ ಹಟಾನವಾ ಇದು! ನಮ್ಮಪ್ಪನ ಎಣ್ಣಿ ಗಿರಣ್ಯಾಗ ಅಮಾಸಿ ದಿನಾ ಗಾಣ ತಿರಗಿದ್ದು ನಾ ಕಣ್ಣಾರೆ ಕಂಡಿಲ್ಲ. ತೊಳದು, ಪೂಜಾ ಮಾಡಿ, ಮರುದಿನಾನ ಚಾಲೂ ಮಾಡೂದು. ದುಡಿಯೂ ವಸ್ತುಕ್ಕೂ ಒಂದಿನ ಸೂಟಿ ಬ್ಯಾಡೇನು?"

"ಛತ್ರಿ ಪರೀಕ್ಷಾ ಮಾಡೂವಾಗೂ ಹಿಂಗ ಅಮಾಸಿಗೆ ಬಂದ್ ಮಾಡ್ತಿದ್ರಲ್ರಿ ಸರ?"

"ಮತ್ತ? ಪೂಜಾ ಮಾಡೂ ಮುಂದ ಚಾಲೂ ಇಡ್ತಾರೇನು ಯಾರರ?"

"ವರದಿಯೊಳಗ ಬಿಡುವಿಲ್ಲದ ಪ್ರಯೋಗ ಅಂತ ಬರದೀರಿ."

"ಬಿಡುವೆಲ್ಲಿ ಕೊಟ್ಟೀವಿ?" ಅಂದರು ಸರ್. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಬೆಳಿಗ್ಗೆ ಎದ್ದು ಕಸ ಗುಡಿಸಿದ್ದನ್ನು ಯಾರೂ ವರದಿಯಲ್ಲಿ ಬರೆಯುವುದಿಲ್ಲ. ಅಮಾವಾಸ್ಯೆಯ ಪೂಜೆಯೂ ಅವರಿಗೆ ಹಾಗೆಯೇ.

ಇಂದುಮತಿ ಕಂಪ್ಯೂಟರಿನ ಪರದೆ ಅವರ ಕಡೆ ತಿರುಗಿಸಿದಳು. ಅವರದು ಗೀರಿನ ಪರೀಕ್ಷೆ. ತಟ್ಟೆಯ ತಳದ ತುಂಬ ಕೋಶಗಳು ಹಾಸಿಕೊಂಡು ಬೆಳೆದ ಮೇಲೆ ಸೂಜಿಯಂಥ ನಳಿಗೆಯಿಂದ ನಡುವೆ ಒಂದು ಗೀರು ಎಳೆಯುತ್ತಾರೆ. ಅದು ಗಾಯವಿದ್ದ ಹಾಗೆ. ಆರೋಗ್ಯದ ಕೋಶಗಳು ಎರಡೂ ದಂಡೆಯಿಂದ ತೆವಳಿಕೊಂಡು ಬಂದು ಒಂದು ದಿನದೊಳಗೆ ಗೀರನ್ನು ಮುಚ್ಚಿಬಿಡುತ್ತವೆ. ಪರದೆಯ ಎಡಗಡೆಯ ಚಿತ್ರದಲ್ಲಿ ಹಾಗೇ ಮುಚ್ಚಿತ್ತು, ಎಲ್ಲಿ ಗೀರಿತ್ತೆಂದು ತಿಳಿಯುತ್ತಿರಲಿಲ್ಲ. ಬಲಗಡೆಯದರಲ್ಲಿ ಗೀರು ಹಾಗೇ ಬಾಯ್ತೆರೆದುಕೊಂಡು ಬಿದ್ದಿತ್ತು.

"ಎಡಕ್ಕಿರೂದು ನಿಮ್ಮ ಹಳೇ ಪರೀಕ್ಷಾದ್ದು, ಅಮಾಸಿಗೆ ಬಂದ್ ಮಾಡಿದ್ದು. ಬಲಕ್ಕಿರೂದು ನೀವು ಪುಣೆಗೆ ಹೋದಾಗಿನಿಂದ ಒಂದ ಗಳಿಗೀನೂ ಬಂದ್ ಮಾಡದ್ದು," ಅಂದಳು. "ಬಂದ್ ಮಾಡಿದ ದಿನಾ ಕೋಶ ಚೇತರಿಸ್ಕೋತಾವ್ರಿ ಸರ. ಮರುದಿನಾ ನೀವು ಬಂದು ಗೀರು ಎಳದು ನೋಡಿ, ಏನೂ ಆಗಿಲ್ಲ ಅಂತ ಬರದೀರಿ. ತಟ್ಟಿಗೆ ಅಮಾಸಿ ಇತ್ತು. ಛತ್ರಿಗೆ ಅಮಾಸಿ ಎಲ್ಲೈತ್ರಿ?"

ಅಂಗಡಿ ಸರ್ ತೆಂಗಿನಕಾಯಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಪರದೆ ನೋಡಿದರು. "ಶಿವನ," ಎಂದರು. ಅಷ್ಟರಲ್ಲಿ ಬಾಗಿಲಲ್ಲಿದ್ದ ನನ್ನನ್ನು ಕಂಡರು. ಅವರ ಕಣ್ಣು ಮೊದಲು ಬಿದ್ದದ್ದು ನನ್ನ ಮುಖದ ಮೇಲಲ್ಲ, ಎದೆಯ ಮೇಲೆ.

"ಮಾಸ್ತರ, ನೀವು ಏನೂ ಕೇಳಿಲ್ಲ," ಅಂದರು.

ಕೇಳಿದ್ದೆ. ನನ್ನ ಕಿವಿಗೆ ಏನೂ ಆಗಿರಲಿಲ್ಲ.

ಮನೆಗೆ ಬಂದ ಮೇಲೆ ಇಂದುಮತಿ ಎಲ್ಲ ಬಿಡಿಸಿ ಹೇಳಿದಳು. ಕೋಶದ ಗೋಡೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ಪಕ್ಕದಲ್ಲಿ ಗಾಯವಾದರೆ ಆ ಬಾಗಿಲು ತೆರೆದು ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಏಳು, ನಡೆ ಎಂದು ಕೋಶಕ್ಕೆ ಅದೇ ಅಪ್ಪಣೆ. ಛತ್ರಿಯ ಅಲೆಗಳ ಮಿಡಿತಕ್ಕೆ ಆ ಬಾಗಿಲುಗಳು ಬಿಡದೆ ಅಲುಗಾಡುತ್ತವೆ, ಪೂರ್ತಿ ಮುಚ್ಚುವುದಿಲ್ಲ. ಅಪ್ಪಣೆ ಸದಾ ಬರುತ್ತಲೇ ಇರುತ್ತದೆ, ಕೋಶಕ್ಕೆ ಯಾವುದು ನಿಜವಾದದ್ದೆಂದು ತಿಳಿಯುವುದಿಲ್ಲ. ನನಗೆ ಥಟ್ಟನೆ ಅರ್ಥವಾಯಿತು. ನಾನು ಮೈದಾನದಲ್ಲಿ ನಿಂತು ಬೆಳಗಿನಿಂದ ಸಂಜೆಯವರೆಗೆ ಬಿಡದೆ ಸೀಟಿ ಊದುತ್ತಿದ್ದರೆ ಯಾವ ಹುಡುಗನೂ ಓಡುವುದಿಲ್ಲ.

"ಹಂಗಾರ ಊರಾಗೂ ತಿಂಗಳಿಗೊಂದಿನ ಬಂದ್ ಮಾಡಿದ್ರಾತಲ್ಲ," ಅಂದೆ.

"ಮೊದಲಿನ ಬಲಕ್ಕ ಅಷ್ಟು ಸಾಕಾಗ್ತಿತ್ತು. ಈಗಿನದಕ್ಕ ಆಗೂದಿಲ್ಲ, ನೋಡೀನಿ. ಅರ್ಧ ತಿಂಗಳಾ ಬಂದ್ ಇಡಬೇಕು. ಅರ್ಧ ತಿಂಗಳಾ ಕರೆಂಟಿಲ್ಲದ ಕರೆಂಟು ಯಾರಿಗೆ ಬೇಕ್ರಿ? ಪೂರ್ತಿ ಬಂದ್ ಮಾಡ್ತಾರ."

"ನಾನು?"

ಅವಳು ಸೆರಗು ಬೆರಳಿಗೆ ಸುತ್ತುತ್ತ ಕೂತಳು. ಛತ್ರಿ ನಿಂತರೆ ನನ್ನ ಪಂಪು ತನ್ನೊಳಗೆ ಕೂಡಿಟ್ಟುಕೊಂಡ ಚೂರುಪಾರಿನಿಂದ ಅರ್ಧ ತಾಸು ಓಡುತ್ತದೆ, ಅದು ನನಗೂ ಗೊತ್ತಿತ್ತು. ಆಮೇಲಿನದನ್ನು ಅವಳು ಹೇಳಿದಳು. ಲ್ಯಾಬಿನ ಮಷಿನ್ನನ್ನು ಬಿಚ್ಚಿ, ತಾಮ್ರದ ಜಾಲರಿ ಹೊಡೆದ ಒಂದು ಖೋಲಿಯಲ್ಲಿ ಕೂಡಿಸಿ, ನನ್ನನ್ನು ಅದರೊಳಗೆ ಇಡಬಹುದು. ಆದರೆ ತಟ್ಟೆಗಳ ಬದಲು ಪಂಪು ಓಡಿಸಲು ಅದರ ಬಲ ಹೆಚ್ಚಿಸಬೇಕು, ಅಷ್ಟು ಹತ್ತಿರದಿಂದ ಬೀಳುವ ಅಲೆ ಛತ್ರಿಯದಕ್ಕಿಂತ ಬಲು ಜೋರು. ಮುಚ್ಚದೆ ಉಳಿದಿರುವ ನನ್ನ ಎದೆಯ ಗಾಯ ಅಲ್ಲಿ ಇನ್ನಷ್ಟು ಬಿಚ್ಚಿಕೊಂಡು ನಂಜೇರುತ್ತದೆ.

"ಎಷ್ಟು ದಿನಾ ತಡೀತೀನಿ?"

"ವರ್ಷ. ಕಡಿಮಿನೂ ಆಗಬಹುದು. ಛತ್ರಿ ಹಿಂಗ ಇದ್ರ ಇನ್ನ ಹತ್ತು ಹದಿನೈದು ವರ್ಷ ಏನೂ ಆಗೂದಿಲ್ರಿ ನಿಮಗ. ದಿನಾ ತೊಳದು ಪಟ್ಟಿ ಕಟ್ಟತೀನಿ, ಆತು."

"ಸೋಮವಾರ ಕಸ್ತೂರಿ ಕಾಲು ತೆಗೀತಾರ. ಮೊಣಕಾಲಿಂದ ಕೆಳಗ. ಆಕಿನ್ನ ಛತ್ರಿ ಇಲ್ಲದ ಊರಿಗೆ ಒಯ್ದ್ರ ಮಾಯತೈತೇನು?"

ಅವಳು ಬೆರಳಿಗೆ ಸುತ್ತಿದ ಸೆರಗು ಬಿಚ್ಚಿದಳು. "ಮಾಯಬಹುದು," ಅಂದಳು ಕೊನೆಗೆ.

"ನಿನಗ ಯಾವಾಗಿಂದ ಗೊತ್ತು ಇದು?"

"ಶ್ರಾವಣದಿಂದ."

ನನಗೆ ಕಣ್ಣು ಕತ್ತಲೆಯಾಗುವಷ್ಟು ಸಿಟ್ಟು ಬಂತು. ಶ್ರಾವಣದಲ್ಲಿ ಕಸ್ತೂರಿ ಇನ್ನೂ ನಡೆಯುತ್ತಿದ್ದಳು. ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಅವರವ್ವ ಅವಳನ್ನು ಎತ್ತಿಕೊಂಡು ಹೋಗುತ್ತಿದ್ದಳು. "ಥೂ! ಮನಶಾಳೇನ ನೀನು?" ಎಂದು ಕೂಗಿದೆ. ಕೂಗಬಾರದೆಂದು ಡಾಕ್ಟರು ಹೇಳಿದ್ದಾರೆ. ಪಂಪು ಎದೆಯೊಳಗೆ ತಡವರಿಸಿತು.

ಇಂದುಮತಿ ಅಳಲಿಲ್ಲ. ಎದ್ದು ನೀರು ತಂದುಕೊಟ್ಟಳು. "ಬೈರಿ. ಎಷ್ಟು ಬೈತೀರಿ ಬೈರಿ. ಆದ್ರ ಒಂದು ತಿಳ್ಕೋರಿ. ಆ ಹುಡುಗಿ ಬ್ಯಾರೆ ಊರಿಗೆ ಹೋಗಿ ಮಾಯಿಸ್ಕೊಂಡು ಬಂದ್ಲಂದ್ರ ಊರ ಮಂದಿಗೆ ಯಾರೂ ಏನೂ ಹೇಳೂದು ಬ್ಯಾಡ. ಅವರು ಕುರುಡರೇನ್ರಿ? ಎರಡು ದಿನದಾಗ ಎಲ್ಲಾರಿಗೂ ಗೊತ್ತಾಗತೈತಿ. ಛತ್ರಿ ಇಳೀತಾವ. ಆಕಿ ಕಾಲು ಉಳೀತು ಅಂದ್ರ ನೀವು ಉಳಿಯೂದಿಲ್ಲ."

ನಾನು ಮಹಾತ್ಮನಲ್ಲ. ಇದನ್ನು ಓದುವವರು ಹಾಗೆ ತಿಳಿದುಕೊಳ್ಳುವುದು ಬೇಡ. ಆ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಜರ್ರನೆ ಇಳಿದುಹೋಯಿತು. ಕಾಲಿಲ್ಲದವರೂ ಬದುಕುತ್ತಾರೆ, ಈಗ ಎಂಥೆಂಥ ಕೃತಕ ಕಾಲುಗಳು ಬಂದಿವೆ, ನಾನೇ ಓಡಾಡಿ ಒಳ್ಳೆಯದೊಂದನ್ನು ಕೊಡಿಸಬಹುದು ಎಂದೆಲ್ಲ ಮನಸ್ಸು ಲೆಕ್ಕ ಹಾಕತೊಡಗಿತು. ಹೋಳಿಗೆ ತಿಂದೆ. ರುಚಿಯಾಗಿಯೇ ಇತ್ತು. ಮೂರು ದಿನ ದವಾಖಾನೆಯ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಶಾಲೆಗೆ ಹೋದೆ.

ಶನಿವಾರ ಕಸ್ತೂರಿಯ ತಾಯಿ ದ್ಯಾಮವ್ವ ತಾನೇ ಶಾಲೆಗೆ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಮಾರುವ ಗಟ್ಟಿ ಹೆಂಗಸು. ಯಾರ ಮುಂದೆಯೂ ಕೈ ಚಾಚಿದವಳಲ್ಲ. ಮೈದಾನದ ಅಂಚಿನಲ್ಲಿ ನಿಂತು, "ಮಾಸ್ತರ್ರೀ, ಒಂದ ಸಲ ಬಂದು ಆಕಿಗೆ ಬುದ್ಧಿ ಹೇಳ್ರಿ. ಕಾಲು ತೆಗಸಾಕ ಒಲ್ಲೆ ಅಂತ ಕುಂತಾಳ. ನಮ್ಮ ಸರ ಹೇಳಿದ್ರ ಒಪ್ಪತೀನಿ ಅಂತಾಳ," ಅಂದಳು.

ನಾನು ಹೇಳಿದರೆ ಒಪ್ಪುತ್ತಾಳಂತೆ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

"ದ್ಯಾಮವ್ವ, ನಿನ್ನ ತವರುಮನಿ ಯಾವೂರು?"

"ಕೊಣ್ಣಿಗೇರಿ ಆಚೆ, ಗುಡ್ಡದ ಕೆಳಗ. ಯಾಕ್ರಿ?"

"ಅಲ್ಲಿ ಛತ್ರಿ ಇಲ್ಲಲ್ಲ?"

"ಅಯ್ಯ, ಅಲ್ಲಿ ಎಲ್ಲಿ ಛತ್ರಿ? ಇನ್ನೂ ತಂತೀನ."

"ಇವತ್ತ ಕರಕೊಂಡು ಹೋಗು. ಅಲ್ಲಿ ದವಾಖಾನ್ಯಾಗ ತೋರಸು. ಕಾಲು ತೆಗೀಬ್ಯಾಡ್ರಿ, ಹದಿನೈದು ದಿನ ತಡೀರಿ ಅನ್ನು. ಈ ಊರಿನ ಅಲಿ ಆಕಿ ಮೈಗೆ ಆಗವಲ್ದು. ಖರೇನ ಹೇಳಾಕತ್ತೀನಿ."

ಅವಳು ನನ್ನ ಮುಖ ನೋಡಿದಳು. ಮಾಸ್ತರ ಹೇಳಿದ ಮೇಲೆ ಮುಗಿಯಿತು ಎಂಬಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ದವಾಖಾನೆಯವರು ಬಿಡಲಿಲ್ಲ, ನಾನು ನಿಂತು ಜಗಳ ಮಾಡಿದೆ. ಮಧ್ಯಾಹ್ನದ ಬಸ್ಸಿನ ಹಿಂದಿನ ಸೀಟಿನ ಉದ್ದಕ್ಕೂ ಕಸ್ತೂರಿಯನ್ನು ಮಲಗಿಸಿದೆವು. ಜ್ವರದಲ್ಲಿ ಅವಳ ತುಟಿ ಒಣಗಿ ಬಿರಿದಿತ್ತು. ಕಾಲಿನ ವಾಸನೆಗೆ ಬಸ್ಸಿನ ಮಂದಿ ಮುಂದೆ ಸರಿದು ಕೂತರು.

ಊರಿನ ಅಂಚಿನವರೆಗೆಂದು ನಾನೂ ಬಸ್ಸು ಏರಿದೆ. ಹತ್ತಿ ಬಿಡಿಸುವ ಗಿರಣಿಯ ಪಕ್ಕದಲ್ಲಿ ಊರಿನ ಕೊನೆಯ ಛತ್ರಿ. ಅದನ್ನು ದಾಟಿ ಸ್ವಲ್ಪ ದೂರ ಹೋದ ಕೂಡಲೇ ಎದೆಯೊಳಗಿನ ಪಂಪು ಸಣ್ಣಗೆ ಕುಂಯ್ ಎಂದಿತು. ಕೂಡಿಟ್ಟದ್ದು ತಿನ್ನಲು ಶುರು ಮಾಡಿದ್ದೇನೆ ಎಂದು ಅದು ಹೇಳುವ ರೀತಿ. ಕೈ ತಣ್ಣಗಾಯಿತು. ಅರ್ಧ ತಾಸು ಇದೆಯೆಂದು ಗೊತ್ತಿದ್ದರೂ ಜೀವ ಬಾಯಿಗೆ ಬಂತು. "ನಿಂದರಸ್ರಿ, ನಿಂದರಸ್ರಿ!" ಎಂದು ಡ್ರೈವರಿಗೆ ಕೂಗಿದೆ.

"ಸರ, ನೀವು ಬರೂದಿಲ್ಲೇನ್ರಿ?" ಎಂದಳು ಕಸ್ತೂರಿ.

"ನಾ ಬಂದ್ರ ಸಾಲಿ ಯಾರು ಕಾಯಬೇಕಲೇ ಹುಡುಗಿ? ನೀ ಲಗೂ ಬಾ. ಟೀಮಿನ್ಯಾಗ ಒಬ್ಬರೂ ನೆಟ್ಟಗ ಓಡವಲ್ರು."

ಇಳಿದು, ರಸ್ತೆಯ ಮೇಲೆ ಓಡುನಡಿಗೆಯಲ್ಲಿ ಛತ್ರಿಯ ಕಡೆ ವಾಪಸು ಬಂದೆ. ಹತ್ತಿ ಗಾಡಿ ಹೊಡೆಯುತ್ತಿದ್ದವನೊಬ್ಬ ನನ್ನನ್ನು ನೋಡಿ ನಕ್ಕ. ಕುಂಯ್ ನಿಂತ ಮೇಲೆ ಛತ್ರಿಯ ಕಂಬಕ್ಕೆ ಒರಗಿ ಬಹಳ ಹೊತ್ತು ಕೂತಿದ್ದೆ.

ಮನೆಯಲ್ಲಿ ಇಂದುಮತಿಗೆ ಹೇಳಿದೆ. ಅಂದಿನಿಂದ ಗಾಯ ತೊಳೆಯುವಾಗಲೂ ಮಾತಿಲ್ಲ. ಪಟ್ಟಿ ಮಾತ್ರ ಮೊದಲಿಗಿಂತ ಮೆತ್ತಗೆ ಕಟ್ಟುತ್ತಿದ್ದಳು. ಮೂರು ವಾರ ದ್ಯಾಮವ್ವನಿಂದ ಸುದ್ದಿಯೇ ಇರಲಿಲ್ಲ. ನಾನು ಪ್ರತಿ ದಿನ ಎರಡೆರಡು ಪ್ರಾರ್ಥನೆ ಮಾಡುತ್ತಿದ್ದೆ, ಒಂದಕ್ಕೊಂದು ಉಲ್ಟಾ. ಹುಡುಗಿಯ ಕಾಲು ಉಳಿಯಲಪ್ಪಾ ಎನ್ನುತ್ತಿದ್ದೆ. ಅದರ ಬೆನ್ನಿಗೇ ಉಳಿಯದಿದ್ದರೂ ನಡೆಯುತ್ತದೆ ಎಂದು ಒಳಗಿನಿಂದ ಯಾವುದೋ ನಾಯಿ ಬೊಗಳುತ್ತಿತ್ತು.

ದೀಪಾವಳಿಯ ಎರಡು ದಿನ ಮೊದಲು ಫೋನು ಬಂತು.

"ಮಾಸ್ತರ್ರೀ! ಮಾಯಾಕತ್ತೈತ್ರಿ! ಹೊಸಾ ಚರ್ಮ ಬಂದೈತ್ರಿ, ಹಸುಗೂಸಿನ ಚರ್ಮದಂಗ!" ದ್ಯಾಮವ್ವ ಅಳುತ್ತಿದ್ದಳು, ನಗುತ್ತಿದ್ದಳು. "ಇಲ್ಲಿ ಡಾಕ್ಟರು ಕಣ್ಣು ಬಾಯಿ ಬಿಡಾಕತ್ತಾರ. ನಮ್ಮ ಓಣಿ ಮಂದೀಗೆಲ್ಲಾ ಫೋನ್ ಮಾಡಿ ಹೇಳೀನ್ರಿ. ಬಾಜೂ ಮನಿ ಶರಣಮ್ಮನ ಸೊಸಿಗೆ ಹೆರಗಿ ಹೊಲಿಗಿ ಕೂಡವಲ್ದಲ್ಲ, ಆಕಿನ್ನೂ ಇಲ್ಲೇ ಕಳಸ್ತಾರಂತ. ನಿಮ್ಮ ಹೊಟ್ಟಿ ತಣ್ಣಗಿರಲಿ, ನಮ್ಮಪ್ಪಾ!"

"ಛಲೋ ಆತವಾ. ಭಾಳ ಛಲೋ ಆತು," ಎಂದೆ. ಫೋನು ಇಟ್ಟೆ. ಸಂತೋಷವಾಗಿತ್ತು, ಸುಳ್ಳೇಕೆ ಹೇಳಲಿ. ಹೆದರಿಕೆ ಅದಕ್ಕಿಂತ ಹೆಚ್ಚಾಗಿತ್ತು.

ಆಮೇಲೆ ಎಲ್ಲವೂ ಇಂದುಮತಿ ಹೇಳಿದ ಹಾಗೆಯೇ ನಡೆಯಿತು. ಪಟ್ಟಿ ಕಟ್ಟಿಕೊಂಡವರೆಲ್ಲ ಬಸ್ಸು ಹತ್ತಿ ನೆಂಟರ ಊರಿಗೆ ಹೋದರು, ಮಾಯ್ದ ಮೈ ಹೊತ್ತು ಬಂದರು. ಛತ್ರಿಗಳ ಬುಡದಲ್ಲಿ ಜನ ಸೇರಿದರು. ಬೆಂಗಳೂರಿನಿಂದ ತನಿಖೆಯವರು ಬಂದಾಗ ಅಂಗಡಿ ಸರ್ ಯಾರೂ ಕೇಳುವ ಮೊದಲೇ ಅಮಾವಾಸ್ಯೆಯ ಪೂಜೆಯ ಸಂಗತಿ ಹೇಳಿ, "ತಪ್ಪು ನಂದು," ಎಂದರು. ಕಂಪನಿಯವರು ಒಂದು ವಾರ ವಾದ ಮಾಡಿದರು. ಕೊನೆಗೆ ಹಳೆಯ ಕಂಬ-ತಂತಿ ಮತ್ತೆ ಎಳೆದ ಕೂಡಲೇ ಛತ್ರಿ ಬಂದ್ ಮಾಡಬೇಕೆಂದು ಆದೇಶ ಬಂತು. ನನಗೆ ಪಂಪು ಹಾಕಿದ ಸರ್ಜನ್ನರ ಹತ್ತಿರ ಹೋದೆವು. ಇದನ್ನು ತೆಗೆದು ತಂತಿಯದನ್ನು ಹಾಕಬಹುದೇ ಎಂದು ಕೇಳಿದೆವು. ಅವರು ಗಾಯ ಬಿಚ್ಚಿ ನೋಡಿದರು. "ಮುಚ್ಚದ ಮೈಯನ್ನು ಮತ್ತೆ ಹೇಗೆ ಕೊಯ್ಯಲಿ? ಮುಚ್ಚಬೇಕೆಂದರೆ ಅಲೆಯಿಂದ ದೂರ ಇರಬೇಕು. ಅಲೆಯಿಂದ ದೂರವಾದರೆ ನೀವು ಇರುವುದಿಲ್ಲ," ಎಂದು ಹೇಳಿ ಕೈ ತೊಳೆದುಕೊಂಡರು.

ಅಲ್ಲಿಂದ ಬಂದ ಸಂಜೆ ಇಂದುಮತಿಯ ಬಾಯಿ ಬಿಚ್ಚಿತು.

"ನನ್ನ ಒಂದ ಮಾತು ಕೇಳಿದ್ರೇನ್ರಿ ನೀವು? ಆ ಹುಡುಗೀನ ಬಸ್ಸಿಗೆ ಹತ್ತಿಸೂ ಮುಂದ?"

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ! ನೂರು ಸಲ ಅಂತಿದ್ದೆ! ಪಾಪ ಬರ್ತಿದ್ರ ನನಗ ಬರ್ತಿತ್ತು. ಶ್ರಾವಣದಿಂದ ನಾ ಒಬ್ಬಾಕಿನ ಹೊತ್ತಿದ್ದೆ ಅದನ್ನ. ಆ ಹುಡುಗಿ ಕಾಲು ಹೋಗಿದ್ರ ನಾ ಹೊರಳಾಡಿ ಅಳ್ತಿದ್ದೆ. ಅತ್ತು, ಎದ್ದು, ನಿಮಗ ರೊಟ್ಟಿ ಮಾಡ್ತಿದ್ದೆ. ನೀವು ಉಣ್ಣೂದು ನೋಡ್ತಿದ್ದೆ. ನನಗ ಅಷ್ಟ ಸಾಕಾಗಿತ್ತು. ನಾ ಮನಶಾಳಲ್ಲ ಅಂದ್ರಿ. ಹೌದ್ರಿ, ಅಲ್ಲ. ನಾ ಹೇಂತಿ."

ಅವಳು ಗೋಡೆಗೆ ಹಣೆ ಹಚ್ಚಿ ಅತ್ತಳು. ಹತ್ತಿರ ಹೋಗಿ ಬೆನ್ನ ಮೇಲೆ ಕೈ ಇಟ್ಟೆ. ಮೊದಲು ಕೊಡವಿದಳು, ಎರಡನೆಯ ಸಲ ಬಿಟ್ಟಳು. ಮರುದಿನ ಬೆಳಿಗ್ಗೆ ಎದ್ದು ನನ್ನ ಮಂಚದ ಅಳತೆ ತೆಗೆದುಕೊಂಡು ಲ್ಯಾಬಿಗೆ ಹೋದಳು.

ಲ್ಯಾಬಿನ ಹಿಂದಿನ ಖೋಲಿಗೆ ನಾಲ್ಕೂ ಗೋಡೆ, ಮಾಳಿಗೆ, ಬಾಗಿಲು ಎಲ್ಲಕ್ಕೂ ತಾಮ್ರದ ಜಾಲರಿ ಹೊಡೆಸಿದಳು, ಅಲೆ ಹೊರಗೆ ಸೋರಬಾರದೆಂದು. ಅಂಗಡಿ ಸರ್ ತಾವೇ ಏಣಿ ಹತ್ತಿ ಮೊಳೆ ಬಡಿದರು. ಮಷಿನ್ನಿನ ಬಾಯಿ ನನ್ನ ತಲೆದಿಂಬಿನ ಕಡೆ ತಿರುಗಿಸಿ ಕೂಡಿಸಿದರು. ಸ್ವಿಚ್ಚು ಹೊರಗಡೆ. ನಾನು ಮಂಚದ ಮೇಲೆ ಕೂತು, "ಭಾರಿ ಲಾಡ್ಜ್ ಮಾಡೀರಲ್ಲ. ಚಾ ಯಾರು ತರ್ತಾರ?" ಎಂದು ನಗೆಯಾಡಿದೆ. ಅಂಗಡಿ ಸರ್ ಇನ್ನೊಂದು ಮೊಳೆ ಬಡಿದರು.

ಛತ್ರಿ ಬಂದ್ ಮಾಡುವ ದಿನ ಶಾಲೆಯ ಮಕ್ಕಳು ಸಾಲುಗಟ್ಟಿ ಲ್ಯಾಬಿನ ಅಂಗಳಕ್ಕೆ ಬಂದಿದ್ದರು. ಹೆಡ್‌ಮಾಸ್ತರು ಭಾಷಣ ಮಾಡಿದರು. ತ್ಯಾಗ ಎಂಬ ಮಾತು ಎಷ್ಟು ಸಲ ಬಂತೋ. ನಾನು ಎದೆ ಸೆಟೆಸಿ ನಿಂತಿದ್ದೆ, ಎಲ್ಲರಿಗೂ ಕೈ ಬೀಸಿದೆ, ಆಟದ ಅವಧಿಯಲ್ಲಿ ಗಣಿತ ಮಾಡಿಸಲು ಬಿಡಬೇಡಿ ಎಂದು ಮಕ್ಕಳಿಗೆ ತಾಕೀತು ಮಾಡಿದೆ. ಆಮೇಲೆ ಎಲ್ಲರನ್ನೂ ಕಳಿಸಿ, ಛತ್ರಿ ನಿಲ್ಲುವವರೆಗೆ ಅದರ ಅಲೆ ಬರಲೆಂದು ಬಾಗಿಲು ತೆರೆದಿಟ್ಟುಕೊಂಡು ಒಳಗೆ ಕೂತೆ. ಬಾಗಿಲ ಆಚೆ ಇಂದುಮತಿ ಒಬ್ಬಳೇ.

ಊರ ಮೇಲೆ ನಾಲ್ಕು ವರ್ಷದಿಂದ ಒಂದು ಸಣ್ಣ ಗುಂಯ್ ಇತ್ತೆಂದು, ಅದು ನಿಂತಾಗಲೇ ಗೊತ್ತಾಯಿತು. ಹೊರಗೆ ಜನ ಕೇಕೆ ಹಾಕಿದರು. ಯಾರೋ ಪಟಾಕಿ ಹಚ್ಚಿದರು. ಇಂದುಮತಿ ಜಾಲರಿಯ ಬಾಗಿಲು ಹಾಕಿದಳು. ನನ್ನ ಎದೆಯಲ್ಲಿ ಪಂಪು ಕುಂಯ್ ಎಂದಿತು.

ಇಂದುಮತಿಯ ಕೈ ಸ್ವಿಚ್ಚಿನ ಮೇಲಿತ್ತು. ಅವಳು ಒತ್ತಲಿಲ್ಲ. ನಿಂತೇ ಇದ್ದಳು. ಶ್ರಾವಣದಿಂದ ಅವಳು ತಟ್ಟೆಗಳ ಮೇಲೆ ನೋಡಿದ್ದನ್ನೆಲ್ಲ ಈಗ ಅವಳ ಕೈಯೇ ನನ್ನ ಮೇಲೆ ಬಿಡಬೇಕಿತ್ತು.

"ನನ್ನ ಕೈಲೆ ಹೆಂಗ ಹಾಕ್ಲಿರಿ ಇದನ್ನ?" ಎಂದಳು.

ಪಂಪು ಮತ್ತೆ ಕುಂಯ್ ಎಂದಿತು. ಹೊತ್ತಿದೆ, ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ತಲೆಗೆ ಗೊತ್ತಿತ್ತು. ಆದರೆ ಬೆರಳ ತುದಿಗಳು ತಣ್ಣಗಾದವು, ಅಂಗಳದಲ್ಲಿ ಸೆಟೆದು ನಿಂತಿದ್ದ ಗಂಡಸು ಎಲ್ಲಿ ಹೋದನೋ ಹೋದ. ಮಂಚದಿಂದ ಎದ್ದು ಜಾಲರಿಗೆ ಎರಡೂ ಅಂಗೈ ಊರಿ ನಿಂತೆ.

"ಹಾಕವಾ ಇಂದೂ," ಎಂದೆ. "ಲಗೂ ಹಾಕ. ನನಗ ಭಾಳ ಅಂಜಿಕಿ ಆಗಾಕತ್ತೈತಿ."

ಅವಳು ಕಣ್ಣು ಮುಚ್ಚಿಕೊಂಡು ಸ್ವಿಚ್ಚು ಒತ್ತಿದಳು.